ನಲವತ್ತು ದಾಟಿದ ಮೇಲೆ ಬಾರ್ಬೆಲ್: ಯಾವ ಪ್ರೋಗ್ರಾಂ ಹಿಡಿಯಬೇಕು, ಯಾವುದನ್ನು ಬಿಡಬೇಕು

ಬಾರ್ಬೆಲ್ ಪ್ರೋಗ್ರಾಂ, ಅಂದರೆ ಉದ್ದ ಬಾರ್‌ಗೆ ತೂಕದ ಪ್ಲೇಟ್ ಹಾಕಿ ಎತ್ತುವ ವ್ಯಾಯಾಮದ ವೇಳಾಪಟ್ಟಿ, ಆರಿಸುವಾಗ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ಯಾವುದರಲ್ಲಿ ತೂಕ ಬೇಗ ಏರುತ್ತೆ? ಇಪ್ಪತ್ತರ ಹುಡುಗ ಹೀಗೆ ಕೇಳಿದರೆ ತಪ್ಪೇನಿಲ್ಲ. ನಲವತ್ತೈದರಲ್ಲಿ ಇರುವವರು ಕೇಳಬೇಕಾದ್ದು ಬೇರೆ. ನಾಲ್ಕು ದಿನದಿಂದ ನಿದ್ದೆ ಸರಿಯಿಲ್ಲ, ಕೆಲಸದಲ್ಲಿ ತಲೆಬಿಸಿ, ಎಡಭುಜ ಬೆಳಿಗ್ಗೆಯಿಂದ ಹಿಡಿದುಕೊಂಡಿದೆ. ಅಂಥ ದಿನ ಜಿಮ್‌ಗೆ ಹೋದರೆ ನಿಮ್ಮ ಪ್ರೋಗ್ರಾಂ ಏನು ಮಾಡು ಅನ್ನುತ್ತದೆ? "ಹೋದ ಸಲಕ್ಕಿಂತ ಎರಡೂವರೆ ಕೆಜಿ ಜಾಸ್ತಿ ಎತ್ತು" ಅನ್ನುತ್ತದೋ, ಇಲ್ಲ ಒಂಚೂರು ಜಾಗ ಬಿಡುತ್ತದೋ? ಈ ಒಂದು ಪ್ರಶ್ನೆ ಕೇಳಿದರೆ ಸಾಕು, ಹೆಸರುವಾಸಿ ಪ್ರೋಗ್ರಾಂಗಳಲ್ಲಿ ಅರ್ಧದಷ್ಟು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ.

ಈ ವಯಸ್ಸಲ್ಲಿ ಬದಲಾಗೋದು ಏನು

ನಲವತ್ತು ದಾಟಿದ ಮೇಲೆ ಬಲ ಬೆಳೆಯೋದಿಲ್ಲ ಅನ್ನುವುದು ಸುಳ್ಳು. ತೊಂಬತ್ತರ ಆಸುಪಾಸಿನವರಿಗೂ ತೂಕದ ವ್ಯಾಯಾಮದಿಂದ ಕಾಲಿನ ಬಲ ಏರಿದ್ದನ್ನು ಸಂಶೋಧಕರು ನೋಡಿದ್ದಾರೆ. ಭಾರ ಎತ್ತುವ ಸ್ಪರ್ಧೆಯಾದ ಪವರ್‌ಲಿಫ್ಟಿಂಗ್‌ನಲ್ಲಿ ಮಾಸ್ಟರ್ಸ್ ವಿಭಾಗ ಶುರುವಾಗುವುದೇ 40ಕ್ಕೆ, ಎಪ್ಪತ್ತು ದಾಟಿದವರಿಗೂ ಅಲ್ಲಿ ಪ್ರತ್ಯೇಕ ಗುಂಪಿದೆ. ಏನೂ ಮಾಡದೆ ಕೂತರೆ ಮಾತ್ರ ಮೂವತ್ತರ ನಂತರ ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತಾ ಹೋಗುತ್ತದೆ, ಬಲ ಅದಕ್ಕಿಂತ ಬೇಗ ಇಳಿಯುತ್ತದೆ.

ಬದಲಾಗುವುದು ಚೇತರಿಕೆ. ಸೋಮವಾರ ಮಾಡಿದ ಭಾರಿ ಸ್ಕ್ವಾಟ್ (ಬಾರ್ ಹೆಗಲ ಮೇಲಿಟ್ಟು ಕೂತು ಏಳುವುದು) ಬುಧವಾರಕ್ಕೆ ಇಪ್ಪತ್ತರ ಹುಡುಗನ ಮೈಯಿಂದ ಇಳಿದುಹೋಗಿರುತ್ತದೆ, ನಿಮ್ಮ ಮೈಯಲ್ಲಿ ಇನ್ನೂ ಕೂತಿರುತ್ತದೆ. ಅದಕ್ಕಿಂತ ದೊಡ್ಡ ವಿಷಯ ಟೆಂಡನ್‌ಗಳದ್ದು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟಿರುವ ನಾರುಗಳದ್ದು. ಸ್ನಾಯು ಕೆಲವೇ ವಾರಗಳಲ್ಲಿ ಹೊಸ ಭಾರಕ್ಕೆ ಒಗ್ಗಿಕೊಳ್ಳುತ್ತದೆ, ಟೆಂಡನ್‌ಗೆ ತಿಂಗಳುಗಟ್ಟಲೆ ಬೇಕು. ಹಾಗಾಗಿ ಎರಡನೇ, ಮೂರನೇ ತಿಂಗಳಲ್ಲಿ ಒಂದು ವಿಚಿತ್ರ ಹೊತ್ತು ಬರುತ್ತದೆ: ಕಾಲು ಎತ್ತೋಕೆ ರೆಡಿ, ಮಂಡಿ ರೆಡಿ ಇಲ್ಲ. ಈ ವಯಸ್ಸಿನವರ ನೋವುಗಳು ಒಂದೇ ಏಟಿಗೆ ಬರೋದು ಕಡಿಮೆ, ಹೀಗೆ ಸಣ್ಣದಾಗಿ ಮೊಣಕೈ, ಭುಜ, ಮಂಡಿಯಲ್ಲಿ ಶುರುವಾಗಿ ಹೋಗೋದೇ ಇಲ್ಲ.

ಬಿಪಿ ಹತೋಟಿಯಲ್ಲಿ ಇಲ್ಲದವರು, ಹೃದಯದ ತೊಂದರೆ ಇರುವವರು, ಹರ್ನಿಯಾ ಇರುವವರು, ಶುಗರ್‌ನಿಂದ ಕಣ್ಣಿನ ರೆಟಿನಾಗೆ ಏಟು ಬಿದ್ದಿರುವವರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಭಾರ ಎತ್ತುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಗಟ್ಟಿ ಮಾಡುತ್ತೇವಲ್ಲ, ಆ ಕ್ಷಣ ರಕ್ತದೊತ್ತಡ ಜಾಸ್ತಿ ಏರುತ್ತದೆ. ಆರೋಗ್ಯವಂತರಿಗೆ ಅದು ತೊಂದರೆಯಲ್ಲ, ಇವರಿಗೆ ಆಗಬಹುದು.

ಹೋಲಿಸೋಕೆ ಒಂದು ಸುಲಭ ಲೆಕ್ಕ

ಯಾವ ಪ್ರೋಗ್ರಾಂ ಸಿಕ್ಕಿದರೂ ವಾರ್ಮಪ್ ಬಿಟ್ಟು ವಾರಕ್ಕೆ ಎಷ್ಟು ಸ್ಕ್ವಾಟ್ ರೆಪ್ ಮಾಡಿಸುತ್ತದೆ ಅಂತ ಲೆಕ್ಕ ಹಾಕಿ. ಒಂದು ಸಲ ಕೂತು ಎದ್ದರೆ ಒಂದು ರೆಪ್, ಬಾರ್ ಇಳಿಸದೆ ಮಾಡುವ ರೆಪ್‌ಗಳ ಗುಂಪು ಒಂದು ಸೆಟ್. ಹೆಸರುವಾಸಿಯಾದ ನಾಲ್ಕನ್ನು ತಗೊಳ್ಳಿ, ಒಂದೊಂದರ ವಿವರ ಮುಂದೆ ಬರುತ್ತದೆ. ಸ್ಟ್ರಾಂಗ್‌ಲಿಫ್ಟ್ಸ್ 5x5ನಲ್ಲಿ ಐದೈದು ರೆಪ್‌ನ ಐದು ಸೆಟ್, ವಾರಕ್ಕೆ ಮೂರು ದಿನ, ಅಂದರೆ 75. ಸ್ಟಾರ್ಟಿಂಗ್ ಸ್ಟ್ರೆಂತ್‌ನಲ್ಲಿ ಮೂರು ಸೆಟ್, ಮೂರು ದಿನ, 45. ಗ್ರೇಸ್ಕಲ್‌ನಲ್ಲಿ ಎರಡೇ ದಿನ, 30ರ ಮೇಲೆ ಒಂದಿಷ್ಟು. 5/3/1ರಲ್ಲಿ ವಾರಕ್ಕೆ ಒಂದೇ ಸ್ಕ್ವಾಟ್ ದಿನ, ಮುಖ್ಯ ಸೆಟ್‌ಗಳು ಕೆಲವು ವಾರ 15, ಕೆಲವು ವಾರ ಬರೀ 9. ತೂಕದ ಮಟ್ಟ ಬೇರೆ ಬೇರೆ, ಒಪ್ಪಿದೆ. ಆದರೂ 75 ಎಲ್ಲಿ, 9 ಎಲ್ಲಿ! ಮಂಡಿ ಮಾತ್ರ ಅದೇ ಹಳೇ ಮಂಡಿ.

ವಯಸ್ಸಾದವರಿಗೆ ಕಲಿಸುವ ಅನೇಕ ಕೋಚ್‌ಗಳು ಹೇಳುವುದೂ ಇದನ್ನೇ: ಈ ವಯಸ್ಸಿನವರು ಭಾರವನ್ನು ತಡೆದುಕೊಳ್ಳುತ್ತಾರೆ, ರೆಪ್‌ಗಳ ರಾಶಿಯನ್ನು ತಡೆದುಕೊಳ್ಳುವುದಿಲ್ಲ. ಕಡಿಮೆ ಸೆಟ್, ಸಾಕಷ್ಟು ಭಾರ, ನಡುವೆ ಜಾಸ್ತಿ ವಿಶ್ರಾಂತಿ. ಎಲ್ಲವನ್ನೂ ಹಗುರ ಮಾಡಿಕೊಂಡು ಇಪ್ಪತ್ತಿಪ್ಪತ್ತು ರೆಪ್ ಮಾಡುವುದು ಸುರಕ್ಷಿತ ಅಂತ ಕಾಣುತ್ತದೆ. ಆದರೆ ಕೀಲುಗಳಿಗೆ ಅದು ಸುಲಭವೇನಲ್ಲ, ಎತ್ತುವ ಬಲವೂ ಅದರಿಂದ ಅಷ್ಟಾಗಿ ಬೆಳೆಯೋದಿಲ್ಲ.

5x5: ಶುರುವಿಗೆ ಚೆನ್ನ, ಆಮೇಲೆ ಕಷ್ಟ

ಸ್ಟ್ರಾಂಗ್‌ಲಿಫ್ಟ್ಸ್ ಇಷ್ಟು ಹರಡಿರುವುದಕ್ಕೆ ಕಾರಣ ಅದರ ಸರಳತೆ. ಎರಡು ವರ್ಕೌಟ್: ಒಂದರಲ್ಲಿ ಸ್ಕ್ವಾಟ್, ಬೆಂಚ್ (ಮಲಗಿ ಎದೆಯಿಂದ ಬಾರ್ ತಳ್ಳುವುದು), ರೋ (ಬಗ್ಗಿ ನಿಂತು ಬಾರನ್ನು ಹೊಟ್ಟೆಯ ಕಡೆ ಎಳೆಯುವುದು). ಇನ್ನೊಂದರಲ್ಲಿ ಸ್ಕ್ವಾಟ್, ಓವರ್‌ಹೆಡ್ ಪ್ರೆಸ್ (ನಿಂತು ಬಾರನ್ನು ತಲೆಯ ಮೇಲಕ್ಕೆ ತಳ್ಳುವುದು), ಡೆಡ್‌ಲಿಫ್ಟ್ (ಬಾರನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು). ಸ್ಕ್ವಾಟ್, ಬೆಂಚ್, ಪ್ರೆಸ್ ಖಾಲಿ ಬಾರ್‌ನಿಂದ, ಅಂದರೆ 20 ಕೆಜಿಯಿಂದ ಶುರು (ರೋ, ಡೆಡ್‌ಲಿಫ್ಟ್ ಸ್ವಲ್ಪ ಜಾಸ್ತಿಯಿಂದ), ಪ್ರತಿ ಸಲ 2.5 ಕೆಜಿ ಸೇರಿಸುತ್ತಾ ಹೋಗಬೇಕು, ಡೆಡ್‌ಲಿಫ್ಟ್‌ಗೆ 5. ತಲೆ ಕೆಡಿಸಿಕೊಳ್ಳೋ ಅಗತ್ಯವೇ ಇಲ್ಲ.

ಈಗ ಗಣಿತ ನೋಡಿ. ವಾರಕ್ಕೆ ಮೂರು ಸಲ 2.5 ಅಂದರೆ 7.5 ಕೆಜಿ. ಹನ್ನೆರಡು ವಾರಕ್ಕೆ 90. ಖಾಲಿ ಬಾರ್ ಹಿಡಿದ ಮನುಷ್ಯ ಮೂರು ತಿಂಗಳಲ್ಲಿ 110ರ ಹತ್ತಿರ, ಅದೂ ಐದು ಸೆಟ್, ಅದೂ ವಾರಕ್ಕೆ ಮೂರು ದಿನ! ಹಾಳೆಯ ಮೇಲೆ ಚೆನ್ನಾಗಿದೆ. ನಿಜದಲ್ಲಿ 60-70 ದಾಟುತ್ತಿದ್ದ ಹಾಗೆ ಸೆಟ್ ನಡುವಿನ ವಿಶ್ರಾಂತಿ ನಾಲ್ಕೈದು ನಿಮಿಷಕ್ಕೆ ಎಳೆಯುತ್ತದೆ, ಸ್ಕ್ವಾಟ್ ಒಂದಕ್ಕೇ ಅರ್ಧ ಗಂಟೆ ಹೋಗುತ್ತದೆ, ಅದು ಮುಗಿಯುವ ಹೊತ್ತಿಗೆ ಬೆಂಚ್‌ಗೆ ಮೈಯಲ್ಲಿ ಏನೂ ಉಳಿದಿರುವುದಿಲ್ಲ.

ನನಗೆ ಇದರಲ್ಲಿ ಒಪ್ಪದಿರುವ ಸಂಗತಿ ಇನ್ನೊಂದು. ತೂಕ ಎತ್ತಲಾಗದಿದ್ದರೆ ಅದೇ ತೂಕವನ್ನು ಮತ್ತೆ ಪ್ರಯತ್ನಿಸು, ಮೂರು ಸಲ ಆಗದಿದ್ದರೆ ಮಾತ್ರ ಶೇ. 10 ಇಳಿಸು ಅನ್ನುತ್ತದೆ ನಿಯಮ. ಅಂದರೆ ಒಂದು ವಾರ ಪೂರ್ತಿ ಎತ್ತಲಾಗದ ತೂಕದ ಕೆಳಗೆ ಒದ್ದಾಡಬೇಕು. ಹುಡುಗರು ಅದನ್ನು ಹಾಗೇ ನುಂಗಿಕೊಳ್ಳುತ್ತಾರೆ. ಐವತ್ತರ ಸೊಂಟ ಅದನ್ನು ನೆನಪಿಟ್ಟುಕೊಳ್ಳುತ್ತದೆ.

ಹಾಗಂತ ಎಸೆಯಬೇಕಿಲ್ಲ. ಜೀವನದಲ್ಲಿ ಬಾರ್ಬೆಲ್ ಮುಟ್ಟದವರಿಗೆ ಮೊದಲ ಆರೆಂಟು ವಾರ ಈ 75 ರೆಪ್‌ಗಳು ವರವೇ. ತೂಕ ಹಗುರ, ಅಭ್ಯಾಸ ಜಾಸ್ತಿ, ಚಲನೆ ಮೈಗೂಡುತ್ತದೆ. ತೂಕ ನಿಜವಾಗಿ ಭಾರ ಅನ್ನಿಸಿದ ದಿನ ಐದು ಸೆಟ್ಟನ್ನು ಮೂರಕ್ಕೆ ಇಳಿಸಿ, ಬುಧವಾರದ ಸ್ಕ್ವಾಟನ್ನು ಸೋಮವಾರದ ಶೇ. 80ಕ್ಕೆ ತನ್ನಿ. ಸ್ಟ್ರಾಂಗ್‌ಲಿಫ್ಟ್ಸ್‌ನ ಆಪ್ ಏನು ಹೇಳಿದರೂ ಸರಿ.

ಸ್ಟಾರ್ಟಿಂಗ್ ಸ್ಟ್ರೆಂತ್

ಅಮೆರಿಕದ ಕೋಚ್ ಮಾರ್ಕ್ ರಿಪ್ಪಟೋ ಅವರ ಈ ಪದ್ಧತಿ 2005ರಲ್ಲಿ ಪುಸ್ತಕವಾಗಿ ಬಂತು. ಮೂರು ಸೆಟ್ ಸ್ಕ್ವಾಟ್, ಮೂರು ಸೆಟ್ ಪ್ರೆಸ್ ಅಥವಾ ಬೆಂಚ್, ಒಂದೇ ಒಂದು ಸೆಟ್ ಡೆಡ್‌ಲಿಫ್ಟ್. 5x5ಗೆ ಹೋಲಿಸಿದರೆ ಇದು ನಮ್ಮ ವಯಸ್ಸಿಗೆ ಹತ್ತಿರ. ತಂತ್ರವನ್ನು ಹೇಳಿಕೊಡುವ ವಿವರದಲ್ಲಂತೂ ಇದಕ್ಕೆ ಸಾಟಿ ಕಡಿಮೆ.

ಎರಡು ಕಡೆ ಮಾತ್ರ ಬದಲಿಸಿಕೊಳ್ಳಬೇಕು. ಒಂದು ಪವರ್ ಕ್ಲೀನ್. ನೆಲದಿಂದ ಬಾರನ್ನು ಚಂಗನೆ ಎಳೆದು ಭುಜದ ಮೇಲೆ ಹಿಡಿಯುವ ಈ ಲಿಫ್ಟ್ ಚಿಕ್ಕಂದಿನಲ್ಲೇ ಕಲಿತವರಿಗೆ ಸರಿ, ನಲವತ್ತೆಂಟಕ್ಕೆ ಹೊಸದಾಗಿ ಕಲಿಯುವವರ ಮಣಿಕಟ್ಟಿಗೂ ಮೊಣಕೈಗೂ ಅದು ಸುಮ್ನೆ ತೊಂದರೆ. ಅದರ ಬದಲು ರೋ ಹಾಕಿಕೊಳ್ಳಿ. ಇನ್ನೊಂದು ಲೋ-ಬಾರ್ ಸ್ಕ್ವಾಟ್. ಬಾರ್ ಭುಜದ ಹಿಂಭಾಗದಲ್ಲಿ ತುಸು ಕೆಳಗೆ ಕೂರಬೇಕು, ಕೈಗಳನ್ನು ಹಿಂದಕ್ಕೆ ತಿರುಗಿಸಿ ಅದನ್ನು ಹಿಡಿಯಬೇಕು. ಇಪ್ಪತ್ತು ವರ್ಷ ಕಂಪ್ಯೂಟರ್ ಮುಂದೆ ಕೂತ ಭುಜ ಅಷ್ಟು ಹಿಂದೆ ಹೋಗುವುದೇ ಇಲ್ಲ. ಭುಜ ತಿರುಗದಿದ್ದರೆ ಆ ಎಳೆತ ಮೊಣಕೈಗೆ ಬೀಳುತ್ತದೆ, ಆರು ವಾರದಲ್ಲಿ ಮೊಣಕೈ ನೋವು, ಆಮೇಲೆ ಬೆಂಚ್ ಮಾಡೋಕೂ ಆಗಲ್ಲ. ಹಿಡಿತ ಅಗಲ ಮಾಡಿ ನೋಡಿ, ಆಗದಿದ್ದರೆ ಬಾರನ್ನು ಕತ್ತಿನ ಬುಡದ ದಪ್ಪ ಸ್ನಾಯುವಿನ ಮೇಲಿಟ್ಟು ಹೈ-ಬಾರ್ ಸ್ಕ್ವಾಟ್ ಮಾಡಿ. ತೂಕ ಸ್ವಲ್ಪ ಕಡಿಮೆ ಬರುತ್ತದೆ, ಅಷ್ಟೇ. ಜಿಮ್‌ನಲ್ಲಿ ಮುಂದೆ ಹಿಡಿಕೆ ಇರುವ ಸೇಫ್ಟಿ ಸ್ಕ್ವಾಟ್ ಬಾರ್ ಇದ್ದರೆ ಕೈ ಹಿಂದೆ ಹಾಕುವ ಗೊಡವೆಯೇ ಇಲ್ಲ, ಭುಜ ಕೆಟ್ಟವರಿಗೆ ಅದೇ ಒಳ್ಳೆಯದು.

ಗ್ರೇಸ್ಕಲ್: ಕೆಟ್ಟ ದಿನಕ್ಕೂ ಲೆಕ್ಕ ಇಟ್ಟ ಪ್ರೋಗ್ರಾಂ

ಇದು ಹೆಸರು ಕೇಳಿದಷ್ಟು ಭಯಂಕರವಲ್ಲ. ಸೋಮವಾರ, ಶುಕ್ರವಾರ ಸ್ಕ್ವಾಟ್, ಬುಧವಾರ ಡೆಡ್‌ಲಿಫ್ಟ್, ಜೊತೆಗೆ ಬೆಂಚ್ ಮತ್ತು ಪ್ರೆಸ್ ಸರದಿಯಲ್ಲಿ. ಐದು ರೆಪ್‌ನ ಎರಡು ಸೆಟ್, ಮೂರನೆಯದು ಎಷ್ಟಾಗುತ್ತೋ ಅಷ್ಟು, ಕನಿಷ್ಠ ಐದು. ಡೆಡ್‌ಲಿಫ್ಟ್‌ಗೆ ಆ ಕೊನೆಯ ಸೆಟ್ ಒಂದೇ. ಹತ್ತು ಬಂದರೆ ಮುಂದಿನ ಸಲ ಎಂದಿನ ಏರಿಕೆಯ ಎರಡರಷ್ಟು ಸೇರಿಸಬಹುದು. ಐದೂ ಬರದಿದ್ದರೆ ಕಾಯೋದಿಲ್ಲ, ಆಗಲೇ ಶೇ. 10 ಇಳಿಸುವುದು.

ಈ ಕೊನೆಯ ಸೆಟ್ಟೇ ಇದರ ಜೀವ. ನಿದ್ದೆಗೆಟ್ಟ ದಿನ ಐದು ಮಾಡಿ ಮನೆಗೆ ಹೋಗಿ, ಮೈ ಹಗುರ ಇದ್ದ ದಿನ ಒಂಬತ್ತು ಮಾಡಿ. ಎರಡೂ ಪ್ರೋಗ್ರಾಂ ಪ್ರಕಾರವೇ. ತೂಕ ಇಳಿಸಿದಾಗಲೂ ಸೋತ ಭಾವನೆ ಬರೋದಿಲ್ಲ, ಯಾಕೆಂದರೆ ಇದೇ 60 ಕೆಜಿಗೆ ಹೋದ ಸಲ ಆರು ಬಂದಿತ್ತು, ಈ ಸಲ ಒಂಬತ್ತು ಬಂತು ಅಂತ ನೋಟ್‌ಬುಕ್‌ನಲ್ಲಿ ಕಾಣುತ್ತದೆ. ಒಂದೇ ಎಚ್ಚರಿಕೆ: "ಎಷ್ಟಾಗುತ್ತೋ ಅಷ್ಟು" ಅಂದರೆ ಬಾರ್ ಮೇಲೆ ಬೀಳುವವರೆಗೆ ಅಂತಲ್ಲ. ಇನ್ನೊಂದು ಬರುತ್ತಿತ್ತು ಅನ್ನುವಾಗ ನಿಲ್ಲಿಸಿ, ಡೆಡ್‌ಲಿಫ್ಟ್‌ನಲ್ಲಿ ಇನ್ನೂ ಒಂದು ಮುಂಚೆ. ಬೆನ್ನು ಬಾಗಿಸಿ ಎಳೆದ ಆ ಹನ್ನೊಂದನೇ ರೆಪ್‌ನಿಂದ ಲಾಭ ಏನೂ ಇಲ್ಲ.

ಹೊಸದಾಗಿ ಶುರು ಮಾಡುವ ನಲವತ್ತರಿಂದ ಐವತ್ತೈದರ ಬಹುತೇಕರಿಗೆ ನನ್ನ ಓಟು ಇದಕ್ಕೇ.

5/3/1: ಎರಡನೇ ಪ್ರೋಗ್ರಾಂ

ಅಮೆರಿಕದ ಪವರ್‌ಲಿಫ್ಟರ್ ಜಿಮ್ ವೆಂಡ್ಲರ್ ಸಾವಿರ ಪೌಂಡ್ ಸ್ಕ್ವಾಟ್ ಮಾಡಿದ ಮನುಷ್ಯ, ಅಂದರೆ ಸುಮಾರು 454 ಕೆಜಿ. ಆ ಮಟ್ಟದ ಸ್ಪರ್ಧೆ ಬಿಟ್ಟ ಮೇಲೆ ತನಗಾಗಿ ಮಾಡಿಕೊಂಡ ಪದ್ಧತಿಯನ್ನು 2009ರಲ್ಲಿ ಪ್ರಕಟಿಸಿದರು. ಅದಕ್ಕೇ ಏನೋ, ಇದರಲ್ಲಿ ಅವಸರವೇ ಇಲ್ಲ.

ಕೆಲಸ ಮಾಡುವ ಬಗೆ ಹೀಗೆ. ನಿಮ್ಮ ಗರಿಷ್ಠ ತೂಕದ ಶೇ. 90 ತೆಗೆದುಕೊಂಡು ಅದನ್ನು ಟ್ರೇನಿಂಗ್ ಮ್ಯಾಕ್ಸ್ ಅನ್ನುತ್ತಾರೆ. ನಮ್ಮ ವಯಸ್ಸಿಗೆ ಶೇ. 85 ಸಾಕು. ಉಳಿದ ಎಲ್ಲ ಲೆಕ್ಕ ಅದರ ಮೇಲೆ. ಗರಿಷ್ಠ ಎಷ್ಟು ಅಂತ ಎತ್ತಿಯೇ ನೋಡಬೇಕಿಲ್ಲ: ತೂಕವನ್ನು ರೆಪ್‌ನಿಂದ ಗುಣಿಸಿ, 30ರಿಂದ ಭಾಗಿಸಿ, ಮತ್ತೆ ತೂಕಕ್ಕೆ ಕೂಡಿಸಿ. 80 ಕೆಜಿಗೆ ಐದು ಸ್ಕ್ವಾಟ್ ಮಾಡುತ್ತೀರಿ ಅಂದರೆ ಗರಿಷ್ಠ ಸುಮಾರು 93. ಅದರ ಶೇ. 85 ಅಂದರೆ 79, ಸಲೀಸಾಗಿ 80 ಇಟ್ಟುಕೊಳ್ಳೋಣ.

ಮೊದಲ ವಾರ ಶೇ. 65, 75, 85ಕ್ಕೆ ಐದೈದು ರೆಪ್: 52.5, 60, 67.5 ಕೆಜಿ. ಎರಡನೇ ವಾರ 70, 80, 90ಕ್ಕೆ ಮೂರು ಮೂರು: 55, 65, 72.5. ಮೂರನೇ ವಾರ 75, 85, 95ಕ್ಕೆ ಐದು, ಮೂರು, ಒಂದು: 60, 67.5, 75. ಪ್ರತಿ ವಾರದ ಕೊನೆಯ ಸೆಟ್‌ನಲ್ಲಿ ಆದಷ್ಟು ಜಾಸ್ತಿ ಮಾಡಬಹುದು. ನಾಲ್ಕನೇ ವಾರ ಡಿಲೋಡ್, ಅಂದರೆ ಮೈಗೆ ವಿಶ್ರಾಂತಿ ಕೊಡುವ ಹಗುರ ವಾರ: 32.5, 40, 47.5, ಮುಗೀತು. ಗಮನಿಸಿ, 80ಕ್ಕೆ ಐದು ಮಾಡುವ ಮನುಷ್ಯನಿಗೆ ಅತಿ ಕಷ್ಟದ ವಾರದಲ್ಲಿ ಸಿಗುವುದು 75, ಅದಕ್ಕೆ ಕೇಳುವುದು ಒಂದೇ ರೆಪ್. ಈ ಜಾಗವೇ ನಮಗೆ ಬೇಕಾದ್ದು. ಮುಂದಿನ ಸುತ್ತಿಗೆ ಸ್ಕ್ವಾಟ್, ಡೆಡ್‌ಲಿಫ್ಟ್‌ನ ಟ್ರೇನಿಂಗ್ ಮ್ಯಾಕ್ಸ್‌ಗೆ 5 ಕೆಜಿ, ಬೆಂಚ್, ಪ್ರೆಸ್‌ಗೆ 2.5. ತಿಂಗಳಿಗೆ ಅಷ್ಟೇನಾ ಅನ್ನಿಸುತ್ತೆ ಅಲ್ವಾ? ಎರಡು ವರ್ಷ ನೋವಿಲ್ಲದೆ ಹೀಗೇ ಹೋದವರ ಲಾಗ್ ನೋಡಿ, ಮೂರು ತಿಂಗಳು ಓಡಿ ಆರು ತಿಂಗಳು ಫಿಸಿಯೋ ಹತ್ತಿರ ಹೋದವರದ್ದನ್ನೂ ನೋಡಿ.

ಇಷ್ಟೆಲ್ಲ ಹೊಗಳಿದರೂ ಇದು ಮೊದಲ ಪ್ರೋಗ್ರಾಂ ಆಗಬಾರದು. ವಾರಕ್ಕೆ ಒಂದೇ ಸಲ ಸ್ಕ್ವಾಟ್ ಮಾಡಿದರೆ ಹೊಸಬರಿಗೆ ಚಲನೆ ಕೈಗೂಡುವುದಿಲ್ಲ, ಪ್ರತಿ ವಾರ ಸಿಗಬಹುದಾದ ಹೊಸಬರ ಲಾಭ ತಿಂಗಳಿಗೊಮ್ಮೆಗೆ ಇಳಿಯುತ್ತದೆ. ಇನ್ನೊಂದು, ಇದಕ್ಕೆ ಜೋಡಿಸುವ ಹೆಚ್ಚುವರಿ ವ್ಯಾಯಾಮಗಳು. ಮುಖ್ಯ ಲಿಫ್ಟ್ ಆದ ಮೇಲೆ ಅದನ್ನೇ ಹತ್ತು ಹತ್ತು ರೆಪ್‌ನ ಐದು ಸೆಟ್ ಮಾಡುವ ರೂಪ ತುಂಬಾ ಜನಪ್ರಿಯ, ಆದರೆ ಮುಖ್ಯ ಕೆಲಸ 9 ರೆಪ್, ಹೆಚ್ಚುವರಿ 50 ರೆಪ್ ಅಂದರೆ ಮೂಗಿಗಿಂತ ಮೂಗುತಿ ಭಾರ. ಐದೈದು ರೆಪ್‌ನ ಮೂರು ಹಗುರ ಸೆಟ್, ಜೊತೆಗೆ ರೋ ಅಥವಾ ಪುಲ್‌ಡೌನ್ (ಮೇಲಿನ ಕೇಬಲ್ಲನ್ನು ಕೆಳಗೆ ಎಳೆಯುವುದು) ಇದ್ದರೆ ಸಾಕಾದೀತು.

ಉಳಿದವು, ಬೇಗ ಬೇಗ

ಟೆಕ್ಸಸ್ ಮೆಥಡ್ ಬೇಡ. ಸೋಮವಾರ ಭಾರಿ 5x5, ಬುಧವಾರ ಹಗುರ, ಶುಕ್ರವಾರ ಐದು ರೆಪ್‌ನ ಹೊಸ ದಾಖಲೆ. ಆ ಸೋಮವಾರವೇ ನಮ್ಮ ವಯಸ್ಸಿನವರನ್ನು ಶುಕ್ರವಾರದವರೆಗೆ ಎಳೆಯುತ್ತದೆ. ಸ್ಮೊಲೊವ್‌ನಂಥ, ವಾರಕ್ಕೆ ನಾಲ್ಕು ದಿನ ಸ್ಕ್ವಾಟ್ ಮಾಡಿಸುವವುಗಳ ಮಾತೇ ಬೇಡ.

ಹೆವಿ-ಲೈಟ್-ಮೀಡಿಯಂ ಹಳೆಯ ಪದ್ಧತಿ. ಒಂದು ದಿನ ಭಾರ, ಒಂದು ದಿನ ಹಗುರ, ಒಂದು ದಿನ ನಡುವೆ. ಇದನ್ನು ಹರಡಿದ ಕೋಚ್ ಬಿಲ್ ಸ್ಟಾರ್ 1970ರ ದಶಕದಲ್ಲಿ ತಯಾರು ಮಾಡುತ್ತಿದ್ದುದು ಅಮೆರಿಕನ್ ಫುಟ್‌ಬಾಲ್ ಆಡುವ ಹುಡುಗರನ್ನು. ಆದರೂ ಹಗುರ ದಿನ ಅಂತ ಒಂದು ಇರುವುದರಿಂದ ಸೆಟ್ ಕಡಿಮೆ ಮಾಡಿಕೊಂಡರೆ ನಡುವಯಸ್ಸಿಗೂ ಹೊಂದುತ್ತದೆ. ವಾರಕ್ಕೆ ಮೂರು ದಿನ ಹೋಗಲೇಬೇಕು ಅನ್ನುವ, ವರ್ಷದ ಅನುಭವ ಇರುವವರು ನೋಡಬಹುದು.

ಆರ್‌ಪಿಇ, ಅಂದರೆ ಸೆಟ್ ಎಷ್ಟು ಕಷ್ಟವಾಯಿತು ಅನ್ನುವುದಕ್ಕೆ ಹತ್ತರಲ್ಲಿ ಕೊಡುವ ಅಂಕ, ಅದನ್ನು ನೋಡಿ ತೂಕ ಆರಿಸುವ ಪ್ರೋಗ್ರಾಂಗಳೂ ಇವೆ. ಆರ್‌ಪಿಇ 8 ಅಂದರೆ ಇನ್ನೆರಡು ರೆಪ್ ಬರುತ್ತಿತ್ತು ಅಂತ ಅರ್ಥ. ಆ ದಿನದ ಮೈಗೆ ತಕ್ಕ ತೂಕ, ಕೇಳೋಕೆ ನಮಗಂತಲೇ ಮಾಡಿದಂತಿದೆ. ತೊಂದರೆ ಏನೆಂದರೆ ಹೊಸಬರಿಗೆ ಎರಡು ಉಳಿದಿತ್ತೋ ಐದು ಉಳಿದಿತ್ತೋ ಗೊತ್ತಾಗೋದಿಲ್ಲ. ಒಂದು ವರ್ಷ ಎತ್ತಿದ ಮೇಲೆ ಇದಕ್ಕೆ ಬನ್ನಿ.

ಎರಡೇ ದಿನ ಸಿಗುವವರು

ಎರಡು ದಿನ ಅಂದರೆ ಅರೆಬರೆ ಅಂತ ಬೇಸರ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೂ ಸ್ನಾಯು ಬಲದ ವ್ಯಾಯಾಮಕ್ಕೆ ಕೇಳಿದ್ದು ವಾರಕ್ಕೆ ಕನಿಷ್ಠ ಎರಡು ದಿನ. ಐವತ್ತೈದು ದಾಟಿದವರಿಗೆ ಮೂರು ದಿನ ಬಿಡುವಿದ್ದರೂ ಎರಡನ್ನೇ ಹೇಳುತ್ತೇನೆ. ಒಂದು ದಿನ ಸ್ಕ್ವಾಟ್, ಬೆಂಚ್, ರೋ, ಇನ್ನೊಂದು ದಿನ ಡೆಡ್‌ಲಿಫ್ಟ್, ಓವರ್‌ಹೆಡ್ ಪ್ರೆಸ್, ಕೊನೆಯಲ್ಲಿ ಹಗುರ ಸ್ಕ್ವಾಟ್ ಎರಡು ಸೆಟ್. ಮುಖ್ಯ ಲಿಫ್ಟ್‌ಗಳು ಐದರ ಮೂರು ಸೆಟ್, ಡೆಡ್‌ಲಿಫ್ಟ್ ಒಂದು. ವಾರಕ್ಕೊಮ್ಮೆ ತೂಕ ಏರಿಸಿ. ಮಿಕ್ಕ ದಿನ ನಡೆಯಿರಿ.

ಇಪ್ಪತ್ತರಲ್ಲಿ ಚೆನ್ನಾಗಿ ಎತ್ತುತ್ತಿದ್ದು ಈಗ ವಾಪಸ್ ಬರುವವರಿಗೆ ಬೇರೆ ಅಪಾಯ. ಸ್ನಾಯುವಿಗೆ ಹಳೇ ನೆನಪು ಬೇಗ ಬರುತ್ತದೆ, ತಲೆಗಂತೂ ಹಳೇ ನಂಬರ್ ಮರೆತೇ ಇರುವುದಿಲ್ಲ, ಟೆಂಡನ್ ಮಾತ್ರ ಇಷ್ಟು ವರ್ಷ ಸೋಫಾ ಮೇಲೆ ಇತ್ತು. ಹಳೇ ಗರಿಷ್ಠದ ಅರ್ಧಕ್ಕಿಂತ ಕೆಳಗೆ ಶುರು ಮಾಡಿ, ಬೇಜಾರಾದರೂ ಸರಿ.

ಪ್ಲೇಟ್‌ಗಳ ವಿಷಯ

ಪ್ರೋಗ್ರಾಂ ಹಾಳೆಗಳಲ್ಲಿ ಬರೆಯದ ಒಂದು ಮಾತು. 100 ಕೆಜಿ ಸ್ಕ್ವಾಟ್‌ಗೆ 2.5 ಸೇರಿಸಿದರೆ ಶೇ. 2.5 ಏರಿಕೆ. 20 ಕೆಜಿ ಓವರ್‌ಹೆಡ್ ಪ್ರೆಸ್‌ಗೆ ಅದೇ 2.5 ಸೇರಿಸಿದರೆ ಶೇ. 12.5! ಪ್ರೆಸ್ ಎಲ್ಲರಿಗೂ ಮೊದಲು ನಿಂತುಹೋಗುವುದು ಇದಕ್ಕೇ, ಅದರಲ್ಲೂ ಹೆಂಗಸರಿಗೆ. ಅರ್ಧ ಕೆಜಿಯ ಸಣ್ಣ ಪ್ಲೇಟ್ ಒಂದು ಜೊತೆ ತಗೊಂಡು ಬ್ಯಾಗಲ್ಲಿ ಇಟ್ಟುಕೊಳ್ಳಿ, ಬಾರ್ ಭಾರವಾದರೆ 15 ಕೆಜಿಯ ಬಾರ್ ಕೇಳಿ. ಡೆಡ್‌ಲಿಫ್ಟ್‌ನಲ್ಲಿ ಇದರ ಉಲ್ಟಾ ಸಮಸ್ಯೆ: 20 ಕೆಜಿ ಪ್ಲೇಟ್ 45 ಸೆಂ.ಮೀ. ಅಗಲ, ಬಾರ್ ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿ ನಿಲ್ಲುವುದು ಅದರಿಂದ. ಸಣ್ಣ ಪ್ಲೇಟ್ ಹಾಕಿದರೆ ಬಾರ್ ಇನ್ನೂ ಕೆಳಗೆ ಹೋಗಿ ಸೊಂಟ ಬಾಗುತ್ತದೆ. ಅಷ್ಟು ತೂಕ ಬರುವವರೆಗೆ ಬಾರನ್ನು ಬ್ಲಾಕ್ ಮೇಲೋ, ರ‍್ಯಾಕ್‌ನ ಪಿನ್ ಮೇಲೋ ಇಟ್ಟು ಎತ್ತಿ.

ಯಾವಾಗ ಬದಲಿಸಬೇಕು

ಮೂರನೇ ವಾರಕ್ಕೆ ಬೋರಾಯಿತು ಅಂತ ಬದಲಿಸಬೇಡಿ. ಪ್ರತಿ ಸಲ ತೂಕ ಏರಿಸುವ ಪ್ರೋಗ್ರಾಂಗಳಲ್ಲಿ ಅದೇ ತೂಕಕ್ಕೆ ಎರಡು ಸಲ ಇಳಿಸಿ ಹತ್ತಿದ ಮೇಲೂ ಅಲ್ಲೇ ನಿಂತರೆ 5/3/1ಗೆ ಹೋಗುವ ಹೊತ್ತು ಬಂತು ಅಂತ. ಸ್ಕ್ವಾಟ್ ನಿಂತು ಬೆಂಚ್ ಏರುತ್ತಿದ್ದರೆ ಸ್ಕ್ವಾಟ್ ಒಂದನ್ನೇ ಬದಲಿಸಿ, ಎಲ್ಲವನ್ನೂ ಒಟ್ಟಿಗೆ ಬಿಡಬೇಕು ಅಂತೇನಿಲ್ಲ. 5/3/1ರಲ್ಲಿ ಇದ್ದು ಶೇ. 95ರ ವಾರದಲ್ಲಿ ಮೂರು ರೆಪ್ ಕೂಡ ಬರುತ್ತಿಲ್ಲ ಅಂದರೆ ಪ್ರೋಗ್ರಾಂ ಕೆಟ್ಟಿಲ್ಲ, ಟ್ರೇನಿಂಗ್ ಮ್ಯಾಕ್ಸ್ ನಿಮಗಿಂತ ಮುಂದೆ ಓಡಿದೆ. ಶೇ. 10 ಕಡಿಮೆ ಮಾಡಿ ಮತ್ತೆ ಹತ್ತಿ. ಯಾವ ಪ್ರೋಗ್ರಾಂ ಆದರೂ ಕೊನೆಯ ವಾರ್ಮಪ್ ಸೆಟ್ಟೇ ಎಂದಿಗಿಂತ ನಿಧಾನವಾಗಿ ಏರಿತು ಅಂದರೆ ಆ ದಿನದ ತೂಕದಲ್ಲಿ ಶೇ. 10 ಕಳೆಯಿರಿ, ಹಾಳೆಯಲ್ಲಿ ಏನೇ ಬರೆದಿದ್ದರೂ.